ಜ್ವಾಲಾಮುಖಿಗೆ ಅರಬ್ಬಿಯಲ್ಲಿ ಏನಂತಾರ?

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಯಜಮಾನರಿಗೆ ಕೊಲ್ಲಿ ದೇಶಕ್ಕೆ ಹೋಗುವ ಹುಚ್ಚು ಹತ್ತಿತು. ನಾನು ಧಾರವಾಡದಿಂದ ವರ್ಗವಾಗಿ ನಾಸಿಕದ ಬ್ಯಾಂಕೊಂದಕ್ಕೆ ಬಂದವಳು. ನನ್ನ ಹಿಂದೆಯೇ ಬಂದ ಇವರು ದೇವಳಾಲಿ ಕ್ಯಾಂಪಿನ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದರು. ಮನೆಯಲ್ಲಿ ನಮ್ಮಿಬ್ಬರ ಜೊತೆ ನನ್ನ ಅತ್ತೆ. ಅರಬ್ ದೇಶದ ಶಾಲೆಯೊಂದಕ್ಕೆ ಭೂಗೋಳದ ಮೇಷ್ಟ್ರು ಬೇಕಂತೆ, ಅಲ್ಲಿಯ ಹೆಡ್‌ಮಾಸ್ತರರೇ ಔರಂಗಾಬಾದಿಗೆ ಬಂದು ಸಂದರ್ಶನ ಮಾಡುತ್ತಾರಂತೆ ಎಂದು ಯಾರೋ ಹೇಳಿದರು. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದರು: "ಜ್ವಾಲಾಮುಖಿ, ಭೂಕಂಪ, ಬಿರುಗಾಳಿ, ಇವಕ್ಕೆಲ್ಲ ಅರಬ್ಬಿ ಹೆಸರು ಕೇಳ್ತಾರ. ಗೊತ್ತಿದ್ದವಗ ಕೆಲಸ."

ಇವರು ಅಂದೇ ಸಂಜೆ ಪೇಟೆಗೆ ಹೋಗಿ, ಅತ್ತರಿನ ಅಂಗಡಿಯ ಮಹಡಿಯಲ್ಲಿದ್ದ ನಿವೃತ್ತ ಅರಬ್ಬಿ ಶಿಕ್ಷಕರೊಬ್ಬರನ್ನು ಭಾನುವಾರ ಮನೆಗೆ ಬಂದು ಕಲಿಸಲು ಗೊತ್ತುಮಾಡಿಕೊಂಡು ಬಂದರು. ನಾವು ಅವರನ್ನು ಉಸ್ತಾದರು ಎನ್ನುತ್ತಿದ್ದೆವು. ಬಿಳಿ ಗಡ್ಡ, ಮೆಲುದನಿ, ಬಹಳ ಸೂಕ್ಷ್ಮದ ಮನುಷ್ಯ. ಭಾಷೆ ಕಲಿಯುವವರು "ನನ್ನ ಹೆಸರು, ನಿಮ್ಮ ಹೆಸರು" ಎಂದು ಶುರುಮಾಡುವುದು ಅವರಿಗೆ ರೂಢಿ. ನೇರವಾಗಿ ಲಾವಾರಸ ಕೇಳಿದ ಶಿಷ್ಯ ಇವರೊಬ್ಬರೇ ಇರಬೇಕು.

ಜ್ವಾಲಾಮುಖಿಗೆ ಬುರ್ಕಾನ್. ಭೂಕಂಪಕ್ಕೆ ಜಿಲ್ಜಾಲ್. ಅಲ್ಲಿಯವರೆಗೆ ಸುಸೂತ್ರವಾಗಿ ನಡೆಯಿತು. ಗುಡುಗಿಗೆ ಬಂದಾಗ ಗಾಡಿ ನಿಂತಿತು. ಅದು 'ರಅದ್'. ನಡುವಿನ 'ಅ' ಗಂಟಲಿನ ತಳದಿಂದ ಬರಬೇಕು.

"ಗಲೇ ಸೇ, ಸಾಹೇಬ್, ಗಲೇ ಸೇ," ಎಂದು ಉಸ್ತಾದರು ತಮ್ಮ ಗಂಟಲು ಮುಟ್ಟಿ ತೋರಿಸುತ್ತಿದ್ದರು. ಇವರು ಕುತ್ತಿಗೆ ಉದ್ದ ಮಾಡಿ, ಕಣ್ಣು ಮುಚ್ಚಿ, ವಾಂತಿಗೆ ಬಂದವರ ಹಾಗೆ ಸದ್ದು ಮಾಡುತ್ತಿದ್ದರು. ಒಳಗಿನಿಂದ ಅತ್ತೆ ಓಡಿ ಬಂದರು.

"ಏನಾತೋ? ಗಂಟಲಾಗ ಅವಲಕ್ಕಿ ಸಿಕ್ಕೊಂಡಾವೇನು?"

"ಇಲ್ಲವ್ವಾ, ಗುಡುಗು."

ಅತ್ತೆ ನಂಬಲಿಲ್ಲ. ಮೆಣಸು, ಶುಂಠಿ ಹಾಕಿ ಕಷಾಯ ಕುದಿಸಿದರು. ಕಲಿಯುವವನ ಗಂಟಲು ಇಷ್ಟು ಕೆಟ್ಟಿದ್ದರೆ ಕಲಿಸುವವರದು ಹೇಗಿದ್ದೀತು ಎಂದು ಉಸ್ತಾದರಿಗೂ ಒಂದು ಲೋಟ ಕೊಟ್ಟರು. ಅವರು ಮರ್ಯಾದೆಗೆ ಪೂರಾ ಕುಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, "ಬಹುತ್ ಖೂಬ್" ಎಂದರು.

ನಮ್ಮ ಮನೆಗೆ ಹತ್ತಿರವಿದ್ದ ಸೇನೆಯ ಆ ಕ್ಯಾಂಪಿನ ಫಿರಂಗಿಗಳು ಬೆಳಗಾದರೆ ಅಭ್ಯಾಸಕ್ಕೆ ಗುಂಡು ಹಾರಿಸುತ್ತಿದ್ದವು. ಕಿಟಕಿಯ ಗಾಜು ನಡುಗುವುದು ನಮಗೆಲ್ಲ ಅಭ್ಯಾಸವಾಗಿತ್ತು. ಈಗ ಢಂ ಎಂದ ಕೂಡಲೇ ಬಚ್ಚಲಿನಿಂದ "ರಅದ್!" ಎಂಬ ಗರ್ಜನೆ ಶುರುವಾಯಿತು. ಪಕ್ಕದ ಮನೆಯ ಸುಬೇದಾರರ ಹೆಂಡತಿ ನನ್ನನ್ನು ಬದಿಗೆ ಕರೆದು, "ಭಾಯಿಸಾಹೇಬರಿಗೆ ಫಿರಂಗಿ ಅಂದರೆ ಅಷ್ಟು ಭಯವೇ?" ಎಂದು ಕೇಳಿದರು. ಹೌದು ಎಂದುಬಿಟ್ಟೆ. ಅದೇ ಸುಲಭವಾಗಿತ್ತು.

ಪ್ರವಾಹಕ್ಕೆ 'ಫಯದಾನ್' ಎಂದು ಉಸ್ತಾದರು ಹೇಳಿದ ದಿನ ಅತ್ತೆ ಮೆಂತ್ಯ ಸೋಸುತ್ತ ಅಲ್ಲೇ ಕೂತಿದ್ದರು.

"ಅಲ್ರೀ, ಗೋದಾವರಿ ಉಕ್ಕಿ ಮನಿಯೊಳಗ ನೀರು ಹೊಕ್ಕರ ಯಾರಿಗ್ರೀ ಫಾಯದಾ?"

ಉಸ್ತಾದರಿಗೆ ಕನ್ನಡ ಬಾರದಿದ್ದರೂ ಗೋದಾವರಿ, ಲಾಭ ಎನ್ನುವ ಫಾಯದಾ ಎರಡೂ ತಿಳಿದವು. ಗಡ್ಡ ನೀವಿಕೊಂಡು ಗಂಭೀರವಾಗಿ ಯೋಚಿಸಿ, "ನಾವ್‌ವಾಲೇ ಕೋ," ದೋಣಿಯವನಿಗೆ, ಎಂದರು. ಅತ್ತೆ ಒಪ್ಪಿಕೊಂಡರು.

ಇವರಿಗೆ ಕೊನೆಯವರೆಗೂ ಕೈಕೊಟ್ಟಿದ್ದು ಮಳೆ. 'ಮತರ್' ಎಂದರೆ ಮಳೆ, ಎಳೆದು 'ಮತಾರ್' ಎಂದರೆ ವಿಮಾನ ನಿಲ್ದಾಣ. ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದ ನನಗೇ ಅದು ಬಾಯಿಪಾಠವಾಗಿತ್ತು. ಇವರು ಮಾತ್ರ ದಿನಾ ಆಕಾಶದಿಂದ ವಿಮಾನ ನಿಲ್ದಾಣ ಸುರಿಸುತ್ತಿದ್ದರು.

ಸಂದರ್ಶನಕ್ಕೆ ಮೂವರೂ ಹೊರಟೆವು. ಅತ್ತೆಗೆ ಅಲ್ಲಿಗೆ ಹತ್ತಿರದ, ಗುಹಾದೇವಾಲಯಗಳ ಊರಾದ ವೇರೂಳಿನಲ್ಲಿ ಘೃಷ್ಣೇಶ್ವರ ಜ್ಯೋತಿರ್ಲಿಂಗದ ದರ್ಶನವಾಗಬೇಕಿತ್ತು. ಏಪ್ರಿಲ್ ತಿಂಗಳ ಬಿಸಿಲು. ಇವರು ಮದುವೆಯ ಸೂಟು ಹಾಕಿದ್ದರು. ಅದರ ಗುಂಡಿಗಳು ಮದುವೆಯ ದಿನವೇ ಬಿಗಿಯಾಗಿದ್ದವು. ಔರಂಗಾಬಾದಿನ ಹೋಟೆಲಿನಲ್ಲಿ ಅತ್ತೆಯನ್ನೂ ನನ್ನನ್ನೂ ಹೊರಗೆ ಕೂರಿಸಿ ಇವರು ಒಳಗೆ ಹೋದರು. ಮರುಕ್ಷಣವೇ ಬಿಳಿ ನಿಲುವಂಗಿಯ ದಪ್ಪನೆಯ ಸಾಹೇಬರೊಬ್ಬರು, ಅವರೇ ಆ ಹೆಡ್‌ಮಾಸ್ತರರು, ಬಾಗಿಲಿಗೆ ಬಂದು, ತಾಯಿಯನ್ನು ಹೊರಗೆ ಬಿಡುವುದೇ ಎಂದು ಇಂಗ್ಲಿಷಿನಲ್ಲಿ ಬೇಜಾರು ಮಾಡಿಕೊಂಡು ನಮ್ಮನ್ನೂ ಒಳಗೆ ಕರೆದರು.

ಇವರು ಎದ್ದು ನಿಂತು, ಬಸ್ಸಿನುದ್ದಕ್ಕೂ ಜಪಿಸಿದ್ದ ಅರಬ್ಬಿ ವಾಕ್ಯವನ್ನು ಹೇಳಿದರು. 'ನಮ್ಮ ನಾಸಿಕದಲ್ಲಿ ಮಳೆ ಬಹಳ ಬೀಳುತ್ತದೆ' ಎಂದಾಗಬೇಕಿತ್ತು. ನನಗೆ ಕೇಳಿಸಿತು: ವಿಮಾನ ನಿಲ್ದಾಣ ಬಹಳ ಬೀಳುತ್ತದೆ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಸಾಹೇಬರು ಒಂದು ಕುರ್ಚಿಯನ್ನು ಇವರತ್ತ ಸರಿಸಿದರು. ಆಮೇಲೆ ಅಪ್ಪಟ ಮರಾಠಿಯಲ್ಲಿ, "ಅಹೋ ಸರ್, ಬಸಾ. ಚಹಾ ಘೇಣಾರ್?" ಎಂದು ಕೂರಲು ಹೇಳಿ ಚಹಾ ಕೇಳಿದರು. ಅವರು ಪುಣೆಯಲ್ಲಿ ಕಾಲೇಜು ಓದಿದವರಂತೆ. ಅಲ್ಲಿಯ ಮಿಸಳ್ ತಿಂದು ಬೆಳೆದ ಹೊಟ್ಟೆ ಇದು ಎಂದು ತಟ್ಟಿ ತೋರಿಸಿದರು. ಅವರ ಮರಾಠಿ ಇವರ ಮರಾಠಿಗಿಂತ ಚೆನ್ನಾಗಿತ್ತು. ಚಹಾ ಬಂದ ಮೇಲೆ ಮೆಲ್ಲಗೆ ವಿಷಯ ತಿಳಿಸಿದರು. ಭೂಗೋಳದ ಜಾಗ ಆಗಲೇ ತುಂಬಿತ್ತು. ಬೇಕಾಗಿದ್ದದ್ದು ಗಣಿತದವರು. ಅರಬ್ಬಿ ಹೆಸರುಗಳನ್ನು ಕೇಳುವ ಸುದ್ದಿ ಯಾರು ಹಬ್ಬಿಸಿದರೋ ಅವರಿಗೂ ಗೊತ್ತಿರಲಿಲ್ಲ. ಅವರ ಊರಲ್ಲಿ ಜ್ವಾಲಾಮುಖಿಯೂ ಇರಲಿಲ್ಲ.

ಇವರ ಮುಖ ಸಣ್ಣದಾಯಿತು. ಸಾಹೇಬರಿಗೆ ಪಾಪ ಎನಿಸಿರಬೇಕು. "ನಾನು ಈಗ ವೇರೂಳಿಗೆ ಹೊರಟಿದ್ದೇನೆ, ಕಾರಿನಲ್ಲಿ ಜಾಗವಿದೆ, ಭೂಗೋಳದ ಸರ್ ಜೊತೆಗಿದ್ದರೆ ಒಳ್ಳೆಯದು," ಎಂದರು. ಅತ್ತೆ ಇವರ ಉತ್ತರಕ್ಕೂ ಕಾಯದೆ ಎದ್ದರು.

ದಾರಿಯಲ್ಲಿ 'ಕನ್ನಡ' ಎಂದು ದೊಡ್ಡದಾಗಿ ಬರೆದ ಫಲಕ ಕಂಡಿತು. ಆ ಕಡೆಯ ತಾಲೂಕಿನ ಊರದು. ಅತ್ತೆ ನಾಗರಿ ಲಿಪಿ ಓದಬಲ್ಲವರು. ಮಗನ ಹೆಗಲು ತಿವಿದು, "ಕನ್ನಡ ಇಲ್ಲೇ ಇಷ್ಟು ಹತ್ರ ಅದ. ನೀ ಅರಬ್ಬಿ ಯಾಕ ಕಲೀಲಿಕ್ಕೆ ಹೋದಿ?" ಎಂದರು.

ಅತ್ತೆಯ ದೇವರ ದರ್ಶನ ಮುಗಿದು ಗುಹೆಗಳ ಮುಂದೆ ನಿಂತಾಗ ಇವರಿಗೆ ಜೀವ ಬಂತು. ಈ ಇಡೀ ಬೆಟ್ಟ ಒಂದು ಕಾಲಕ್ಕೆ ಕುದಿಯುತ್ತಿದ್ದ ಲಾವಾ, ಪದರದ ಮೇಲೆ ಪದರವಾಗಿ ಹರಿದು ಆರಿ ಕಲ್ಲಾಯಿತು ಎಂದು ಮರಾಠಿಯಲ್ಲಿ ಶುರುಮಾಡಿ, ಸಿಕ್ಕಲ್ಲೆಲ್ಲ ಅರಬ್ಬಿ ಪದ ಸೇರಿಸಿ, ಕೈ ಬೀಸಿ ಹೇಳಿದರು. ಸಾಹೇಬರು ಬಾಯಿ ತೆರೆದು ಕೇಳುತ್ತ, "ಇದೆಲ್ಲ ಬುರ್ಕಾನ್?" ಎಂದು ಗೋಡೆ ಮುಟ್ಟಿ ನೋಡಿದರು. ಬಿಸಿ ಇದೆಯೇನೋ ಎಂಬಂತೆ ಕೈ ಹಿಂದಕ್ಕೆ ಎಳೆದುಕೊಂಡು ನಕ್ಕರು.

ಅಷ್ಟರಲ್ಲಿ ಮೋಡ ಕವಿಯಿತು. ಮಿಂಚಿತು. "ಬರ್ಕ್!" ಎಂದರು ಇವರು. ಗುಡುಗಿತು. "ರಅದ್!" ಗಂಟಲಿನ ತಳದಿಂದಲೇ ಬಂತು. ಸಾಹೇಬರು ಭೇಷ್ ಎಂದು ಚಪ್ಪಾಳೆ ತಟ್ಟಿದರು. ಆಮೇಲೆ ಪಟಪಟ ಎಂದು ಆಲಿಕಲ್ಲು ಬೀಳತೊಡಗಿತು. ಎಲ್ಲರೂ ಗುಹೆಯೊಳಗೆ ನುಗ್ಗಿದೆವು. ಇವರಿಗೆ ಆ ಪದ ಬಾರದೆ ತಡವರಿಸುತ್ತಿದ್ದಾಗ ಸಾಹೇಬರೇ ಹೊರಗೆ ಬೆರಳು ತೋರಿಸಿ ಕೂಗಿದರು:

"ಬರದ್! ಬರದ್!"

ಅತ್ತೆ ಅವರನ್ನು ಕನಿಕರದಿಂದ ನೋಡಿದರು. "ಬರದು ಅಂದ್ರ ಹೆಂಗ್ರೀ? ಬಂದೇ ಬಿಟ್ಟದಲ್ಲ!"

ಇವರು ಕಂಬ ಹಿಡಿದುಕೊಂಡು ನಕ್ಕರು. ನಾನು ನಗು ತಡೆಯಲಾಗದೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸಾಹೇಬರಿಗೆ ಆ ಕನ್ನಡವನ್ನು ಮರಾಠಿಯಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ಆಲಿಕಲ್ಲು ನಿಂತೇ ಹೋಯಿತು. ಅರ್ಥವಾದ ಮೇಲೆ ಅವರು ಹೊಟ್ಟೆ ಕುಣಿಸಿ ನಕ್ಕು, ತಲೆವಸ್ತ್ರ ಬಿಚ್ಚಿ ಅದರಲ್ಲಿ ಆಲಿಕಲ್ಲು ಆಯ್ದು ತಂದರು. ಮೊದಲ ಮುಷ್ಟಿ ಅತ್ತೆಗೆ. ಮಡಿ ಗಿಡಿ ಮರೆತು ಅತ್ತೆ ಒಂದನ್ನು ಬಾಯಿಗೆ ಹಾಕಿಕೊಂಡರು.

ಕೊಲ್ಲಿಯ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ. ಇವರು ಕೆಲವು ದಿನ ಮಂಕಾಗಿದ್ದರು. ಆಮೇಲೆ ಪರೀಕ್ಷೆಯ ಪೇಪರುಗಳು ಬಂದವು, ಅವುಗಳಲ್ಲಿ ಮುಳುಗಿದರು. ಉಸ್ತಾದರಿಗೆ ಇನ್ನು ಬರುವುದು ಬೇಡ ಎಂದು ಹೇಳಲು ಮಾತ್ರ ಯಾರಿಗೂ ಬಾಯಿ ಬರಲಿಲ್ಲ. ಅವರು ಭಾನುವಾರ ಎಂದಿನಂತೆ ಬಂದು, ಟೋಪಿ ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತರು. ಅತ್ತೆ ತರಕಾರಿ ಬುಟ್ಟಿ ತಂದು ಎದುರಿಗಿಟ್ಟರು.

"ಭೂಕಂಪ ಗೀಕಂಪ ಸಾಕ್ರೀ ಉಸ್ತಾದರ. ಇದಕ್ಕೇನಂತೀರಿ ಹೇಳ್ರಿ," ಎಂದು ಬದನೆಕಾಯಿ ಎತ್ತಿ ಹಿಡಿದರು.

"ಬಾದಿಂಜಾನ್."

"ಬಾದಿಂಜಾನ್," ಎಂದರು ಅತ್ತೆ, ಒಂದೇ ಸಲಕ್ಕೆ, ಉಸ್ತಾದರಂತೆಯೇ. ಪೇಪರು ತಿದ್ದುತ್ತಿದ್ದ ಇವರು ಪೆನ್ನು ಕೆಳಗಿಟ್ಟು ತಾಯಿಯನ್ನೇ ನೋಡಿದರು.