ಡಬ್ಬಿ ಗಾಡಿಯ ಚೆಂದ

ನಮ್ಮ ಮನೆಯ ಗಾಡಿಯನ್ನು ಎಲ್ಲಿಯೇ ನಿಲ್ಲಿಸಲಿ, ಇಳಿದ ಕೂಡಲೇ ನಾನು ಅದರಿಂದ ಹತ್ತು ಹೆಜ್ಜೆ ದೂರ ಹೋಗಿ ನಿಲ್ಲುತ್ತೇನೆ. ಕೀಲಿಯನ್ನು ಕಿಸೆಗೆ ಬಿಟ್ಟು, ಬೇರೆ ಯಾರದೋ ಕಾರಿಗೆ ಒರಗಿ, ಮೊಬೈಲು ನೋಡುತ್ತೇನೆ. ಈ ವಿದ್ಯೆ ನನಗೆ ಎಷ್ಟರಮಟ್ಟಿಗೆ ಕೈಗೂಡಿದೆ ಎಂದರೆ, ಒಮ್ಮೆ ಗೋಕಾಕದ ಸಂತೆಯಲ್ಲಿ ನಮ್ಮ ಗಾಡಿ ಒಂದು ಕಾಯಿಪಲ್ಯೆ ಲಾರಿಗೆ ಅಡ್ಡವಾಯಿತು. ಲಾರಿಯವನು ಇಳಿದು ಬಂದು ನನ್ನನ್ನೇ ಕೇಳಿದ.

“ಏನಣ್ಣಾ, ಈ ಡಬ್ಬಿ ಯಾರದು?”

“ಯಾರದೋ ಏನೋ, ಗೊತ್ತಿಲ್ಲರಿ,” ಎಂದೆ.

“ಹಂಗಾರ ಒಂದ್ ಕೈ ಹಚ್ಚು ಬಾ, ನೂಕೂಣು.”

ಕೈ ಹಚ್ಚಿದೆ. ಐದು ಮಂದಿ ಬೆವರು ಸುರಿಸಿ ನೂಕಿದೆವು. ಹ್ಯಾಂಡ್‌ಬ್ರೇಕ್ ಎಳೆದಿರುವುದು ಐವರಲ್ಲಿ ನನಗೊಬ್ಬನಿಗೇ ಗೊತ್ತು, ಹೇಳುವ ಹಾಗಿಲ್ಲ. ಉಳಿದ ನಾಲ್ವರು ಗಾಡಿಯ ಮಾಲಕನ ವಂಶವನ್ನು ಬೈಯುತ್ತಿದ್ದರು. ಸುಮ್ಮನಿದ್ದರೆ ಸಂಶಯ ಬಂದೀತೆಂದು ನಾನೂ ದನಿಗೂಡಿಸಿದೆ. ಹೀಗೆ ಹಾಡಹಗಲು, ನಡು ಸಂತೆಯಲ್ಲಿ, ನನ್ನ ಅಪ್ಪನನ್ನು ನಾನೇ ಬೈದ ಕೀರ್ತಿ ನನ್ನದು.

ಇಷ್ಟೆಲ್ಲ ಯಾಕೆಂದರೆ ಆ ಗಾಡಿಯ ರೂಪ. ಮುಂದಿನಿಂದ ನೋಡಿದರೆ ಗೋಡೆ. ಬಾಜೂದಿಂದ ನೋಡಿದರೆ ಉದ್ದನೆಯ ಗೋಡೆ. ಹಿಂದಿನಿಂದ ನೋಡಿದರೆ ಕಿಟಕಿ ಇಟ್ಟ ಗೋಡೆ. ಅಪ್ಪ ಅದನ್ನು ಗೋಕಾಕದ ಒಬ್ಬ ನಿವೃತ್ತ ಮಾಸ್ತರರಿಂದ ಕೊಂಡು ತಂದಾಗ ಬಿಳಿ ಬಣ್ಣವಿತ್ತು. ಈಗ ಎರಡು ದಿನದ ಮಜ್ಜಿಗೆಯ ಬಣ್ಣ. ನಮ್ಮ ನಾಗನೂರಿನಲ್ಲಿ ಒಬ್ಬರು ಅದನ್ನು ಬ್ರೆಡ್ ಎನ್ನುತ್ತಾರೆ, ಇನ್ನೊಬ್ಬರು ಗಾಲಿ ಹಚ್ಚಿದ ತಿಜೋರಿ ಎನ್ನುತ್ತಾರೆ. ನಾನು ಏನೂ ಅನ್ನುವುದಿಲ್ಲ, ಹತ್ತು ಹೆಜ್ಜೆ ದೂರ ಇರುತ್ತೇನಲ್ಲ.

ರೂಪದ ವಿಷಯದಲ್ಲಿ ನನ್ನ ಮಾತಿಗೆ ತೂಕವಿದೆ ಎಂದು ನಾನು ನಂಬಿದ್ದೇನೆ. ಮೂಡಲಗಿಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಹುಟ್ಟುಹಬ್ಬದವರು, ನಿವೃತ್ತರು, ಗೃಹಪ್ರವೇಶದವರು ಎಲ್ಲರನ್ನೂ ನಾನೇ ಚೆಂದ ಮಾಡಿ ಕಂಬಕ್ಕೆ ಕಟ್ಟುವವನು. ಮೂಲೆಗಳನ್ನು ಕಂಡರೆ ನನಗಾಗದು. ಎಲ್ಲವನ್ನೂ ಗುಂಡಗೆ ಮಾಡುತ್ತೇನೆ. ಒಬ್ಬ ಹಿರಿಯರ ಫೋಟೋದ ಅಂಚನ್ನು ನಯ ಮಾಡುತ್ತ ಮಾಡುತ್ತ ಎರಡೂ ಕಿವಿ ಅಳಿಸಿಬಿಟ್ಟೆ. ಅವರು ಬೋರ್ಡಿನ ಕೆಳಗೆ ನಿಂತು ಬಹಳ ಹೊತ್ತು ತಮ್ಮ ಕಿವಿ ಮುಟ್ಟಿ ನೋಡಿಕೊಂಡರಂತೆ.

ನನ್ನ ಸಿದ್ಧಾಂತ ಸರಳ. ದೇವರು ಮೂಲೆ ಮಾಡಲಿಲ್ಲ. ಕಲ್ಲಂಗಡಿಗೆ ಮೂಲೆ ಇಲ್ಲ, ಕುರಿಗೆ ಇಲ್ಲ, ಹೊಳೆಯ ಕಲ್ಲಿಗೂ ಇಲ್ಲ. ಮೂಲೆ ಮಾಡಿದವನು ಮನುಷ್ಯ. ಒಂದರ ಮೇಲೊಂದು ಒಟ್ಟಬೇಕೆಂಬ ಆಸೆ ಬಂದ ದಿನ ಇಟ್ಟಿಗೆ ಬಂತು, ಪೆಟ್ಟಿಗೆ ಬಂತು, ಕಡೆಗೆ ನಮ್ಮ ಗಾಡಿ ಬಂತು. ಇದನ್ನು ಒಮ್ಮೆ ಮನೆಯಲ್ಲಿ ಗಂಭೀರವಾಗಿ ಮಂಡಿಸಿದೆ. ಅವ್ವ ಕರದಂಟಿನ ತುಂಡೊಂದನ್ನು ನನ್ನ ಮುಂದೆ ಹಿಡಿದು, “ಇದೂ ಚೌಕೈತಿ. ಬ್ಯಾಡಾದ್ರ ಇಡು,” ಎಂದಳು. ಸಿದ್ಧಾಂತವನ್ನು ಅಲ್ಲಿಗೇ ನಿಲ್ಲಿಸಿ ತಿಂದೆ.

ಅವ್ವನಿಗೆ ಆ ಗಾಡಿ ಇಷ್ಟ. ಒಳಗೆ ಅರ್ಧ ಎದ್ದು ನಿಂತು ಸೀರೆಯ ನೆರಿಗೆ ಸರಿ ಮಾಡಿಕೊಳ್ಳಬಹುದು ಎಂಬುದು ಅವಳ ಕಾರಣ. ನಮ್ಮ ಮುತ್ಯಾನಿಗೂ, ಅಂದರೆ ಅಪ್ಪನ ಅಪ್ಪನಿಗೂ, ಇಷ್ಟ. ಮುತ್ಯಾ ಆಯುಷ್ಯವೆಲ್ಲ ಕುರಿ ಹಿಂದೆ ನಡೆದವನು. ತಲೆಯ ಮೇಲೆ ಮೊಳಗಟ್ಟಲೆ ಬಟ್ಟೆಯ ಪಟಕಾ, ಅದನ್ನು ಸುತ್ತಲು ಅರ್ಧ ತಾಸು ಬೇಕು. ಅವನು ಯಾವ ಗಾಡಿ ಹತ್ತಿದರೂ ಮೊದಲು ಪಟಕಾದ ಮೇಲೆ ಕೈಯಿಟ್ಟು, ಛತ್ತಿಗೂ ಅದಕ್ಕೂ ನಡುವೆ ನಾಲ್ಕು ಬೆರಳು ಹೋಗುತ್ತವೋ ಇಲ್ಲವೋ ನೋಡುತ್ತಾನೆ. ನಮ್ಮ ಗಾಡಿಯಲ್ಲಿ ಇಡೀ ಅಂಗೈ ಹೋಗುತ್ತದೆ. ನನಗೆ ಈ ಅಳತೆ ಹಳ್ಳಿಯದು ಅನಿಸುತ್ತಿತ್ತು.

ಈ ನಡುವೆ ನನ್ನ ಲಗ್ನದ ಮಾತು ಎದ್ದಿತು. ಮೂರು ಕಡೆ ಕನ್ಯೆ ನೋಡಿ, ಮೂರು ಕಡೆಯೂ ಶಿರಾ ಉಪ್ಪಿಟ್ಟು ತಿಂದು ಬಂದೆವು. ಮೂರೂ ಕಡೆಯಿಂದ ತಿರುಗಿ ಫೋನು ಬರಲಿಲ್ಲ. ಹುಡುಗ ಮಾತು ಕಡಿಮೆ ಆಡಬೇಕಿತ್ತು ಎಂದು ಅವ್ವನ ಅಭಿಪ್ರಾಯ. ಗಾಡಿಯೇ ಕಾರಣವೆಂದು ನನ್ನದು.

ಆಗಲೇ ನಮ್ಮ ಪಕ್ಕದ ಹೊಲಕ್ಕೆ ದಡ್ಡಿ ಎಂಬ ಊರಿನಿಂದ ಕಬ್ಬಿನ ಸಸಿಯ ಟ್ರೇಗಳು ಬಂದವು. ತಂದವಳು ಸುಜಾತಾ. ಅವಳ ಅಪ್ಪ ಬೀರಪ್ಪ ಅಲ್ಲಿ ಸಸಿ ಬೆಳೆಸಿ ಮಾರುತ್ತಾರೆ; ಸಣ್ಣ ಗೂಡ್ಸ್ ಗಾಡಿಯನ್ನು ಇವಳೇ ಹೊಡೆಯುತ್ತಾಳೆ. ಟ್ರೇ ಇಳಿಸಿ, ಎರಡೂ ಬದಿ ಮುಳ್ಳುಬೇಲಿ ಇರುವ ನಮ್ಮ ಇಕ್ಕಟ್ಟಿನ ದಾರಿಯಲ್ಲಿ, ಒಂದೇ ಕೈಯಲ್ಲಿ, ಒಂದೇ ಸಲಕ್ಕೆ ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡು ಹೋದಳು. ಅದೇ ದಾರಿಯಲ್ಲಿ ನಾನು ಹಿಂದಕ್ಕೆ ತೆಗೆದ ಗುರುತುಗಳು ಬೇಲಿಯಲ್ಲಿ ಇನ್ನೂ ಇವೆ. ಅಂದಿನಿಂದ ಊಟ ಸೇರಲಿಲ್ಲ. ಅವ್ವನಿಗೆ ಹೇಳಿದೆ. ವಿಚಾರಿಸಿದರೆ ನಮ್ಮವರೇ, ನೆಂಟಸ್ತನಕ್ಕೆ ಅಡ್ಡಿಯಿಲ್ಲ. ಒಂದು ಆದಿತ್ಯವಾರ ಐದು ಮಂದಿ ಬರುತ್ತೇವೆಂದು ತಿಳಿಸಿದ್ದಾಯಿತು.

ಬೀರಪ್ಪನವರು ನನಗೆ ಫೋನು ಮಾಡಿ, “ನಮ್ಮ ಓಣಿ ಸಣ್ಣದೈತ್ರಿ. ಎಂಥಾ ಗಾಡ್ಯಾಗ ಬರಾವ್ರು?” ಎಂದರು. ಅವರು ಕೇಳಿದ್ದು ಓಣಿಯ ಚಿಂತೆಗೆ. ನನ್ನ ಬಾಯಿ ತನ್ನಷ್ಟಕ್ಕೆ ತಾನೇ, “ಹೊಸಾ ಕಾರ ಐತ್ರಿ ನಮ್ದು, ಸಣ್ಣದs ಐತಿ,” ಎಂದಿತು. ಫೋನು ಇಟ್ಟ ಮೇಲೆ ಹೊಸ ಕಾರು ಎಲ್ಲಿಂದ ತರಬೇಕೆಂಬ ಯೋಚನೆ ಬಂತು.

ಗೋಕಾಕದಲ್ಲಿ ನನ್ನ ದೋಸ್ತ ಬಸು ಇದ್ದಾನೆ. ಅವನ ಕಾರು ಹಾವು ಹೆಡೆ ತಗ್ಗಿಸಿದ ಹಾಗೆ, ಮುಂದೆ ಚೂಪು, ಹಿಂದೆ ಇಳಿಜಾರು. ಕೇಳಿದೆ, ಕೊಟ್ಟ. ಮನೆಯಲ್ಲಿ ನಮ್ಮ ಗಾಡಿಯ ಕ್ಲಚ್ ಹೋಗಿದೆ ಎಂದೆ. ಎರಡು ಊರಿಗೆ ಎರಡು ಸುಳ್ಳು. ಎರಡೂ ಒಂದೇ ಅಂಗಳದಲ್ಲಿ ಭೇಟಿಯಾಗಬಹುದೆಂದು ಹೊಳೆಯಲೇ ಇಲ್ಲ.

ಆದಿತ್ಯವಾರ ಹೊರಟೆವು. ಹಿರಿಯನಾದ್ದರಿಂದ ಮುತ್ಯಾ ಮುಂದೆ. ಹಿಂದೆ ಅಪ್ಪ, ಅವ್ವ, ಕಾಕಾ. ಮುತ್ಯಾ ಕೂತ. ಛತ್ತು ಪಟಕಾವನ್ನು ಒತ್ತಿತು, ಪಟಕಾ ಇಳಿದು ಅವನ ಕಣ್ಣು ಮುಚ್ಚಿತು. ನಾಲ್ಕು ಬೆರಳಿನ ಮಾತು ಇರಲಿ, ಕಣ್ಣೇ ಹೋಗಿತ್ತು.

“ತಗದು ತೊಡಿ ಮ್ಯಾಲ ಇಟ್ಕೊಳ್ರಿ ಮಾವಾರ,” ಎಂದಳು ಅವ್ವ.

“ಬೋಳ ತಲೀಲೆ ಬೀಗರ ಮನಿಗೆ ಹೋಗಾಕ ನಾ ಏನ್ ಸತ್ತ ಸುದ್ದಿ ಹೇಳಾಕ ಹೊಂಟೇನೇನು?” ಎಂದ ಮುತ್ಯಾ.

ನಮ್ಮಲ್ಲಿ ಹಿರಿಯರು ಬರಿದಲೆಯಲ್ಲಿ ಯಾರದೇ ಹೊಸ್ತಿಲು ತುಳಿದರೂ ಅರ್ಥ ಅದೇ. ಹಾಗಾಗಿ ಪಟಕಾ ಬಿಚ್ಚುವಂತಿಲ್ಲ, ಛತ್ತು ಎತ್ತುವಂತಿಲ್ಲ. ಕಡೆಗೆ ಕಾಕಾ ಸೀಟಿನ ಬಾಜೂದಲ್ಲೊಂದು ಹಿಡಿಕೆ ಕಂಡು ಎಳೆದ. ಸೀಟು ದಬ್ ಎಂದು ಹಿಂದಕ್ಕೆ ಮಲಗಿತು. ಮುತ್ಯಾನೂ ಮಲಗಿದ. ಪಟಕಾ ತಲೆಯ ಸಮೇತ ಹೋಗಿ ಅಪ್ಪನ ತೊಡೆಯ ಮೇಲೆ ಕೂಸಿನಂತೆ ಕೂತಿತು. ಮುತ್ಯಾ ಎರಡೂ ಕೈ ಎದೆಯ ಮೇಲೆ ಜೋಡಿಸಿ, ಛತ್ತು ನೋಡುತ್ತ, “ನಡಿ,” ಎಂದ.

ಅರಭಾವಿ ದಾಟುವಾಗ ಬಸ್ಸಿಗೆ ನಿಂತ ಮಂದಿ ಬಗ್ಗಿ ಬಗ್ಗಿ ನೋಡಿದರು. ಹುಕ್ಕೇರಿಯಲ್ಲಿ ಚಹಾಕ್ಕೆ ನಿಲ್ಲಿಸಿದರೆ ಚಹಾದವನು ದನಿ ತಗ್ಗಿಸಿ, “ಯಾವ ದವಾಖಾನಿಗೆ ಹೊಂಟೀರಿ?” ಎಂದ. ಮುತ್ಯಾ ಮಲಗಿದಲ್ಲಿಂದಲೇ, “ಕನ್ಯಾ ನೋಡಾಕೋ,” ಎಂದ. ಚಹಾದವನು ಒಮ್ಮೆ ಮುತ್ಯಾನನ್ನು, ಒಮ್ಮೆ ನನ್ನನ್ನು ನೋಡಿ, ಹುಡುಗ ಯಾರೆಂದು ಕೇಳುವ ಧೈರ್ಯವಿಲ್ಲದೆ ಒಳಗೆ ಹೋದ.

ದಡ್ಡಿಯಲ್ಲಿ ಬೀರಪ್ಪನವರು ನಗುತ್ತ ಅಂಗಳಕ್ಕೆ ಬಂದವರು ಕಾರಿನೊಳಗೆ ಇಣುಕಿ ಬಿಳಿಚಿಕೊಂಡರು.

“ಏ ನೀರ ತರ್ರೆ. ಹಿರ್ಯಾರಿಗೆ ಹುಷಾರಿಲ್ಲ. ಇಂಥಾದ್ರಾಗ ಯಾಕ ಕರ್ಕೊಂಡ ಬಂದ್ರಿ?”

ಮುತ್ಯಾ ನನ್ನ ಕೈ ಹಿಡಿದು ಎದ್ದು, ಹೊರಗೆ ಬಂದು, ಪಟಕಾ ಸರಿ ಮಾಡಿಕೊಂಡ. “ನಾ ಆರಾಮ ಅದೇನಿ. ನಮ್ಮ ಗಾಡಿದು ಕ್ಲಚ್ ಹೋಗೇತಂತ. ಇದು ಇವನ ದೋಸ್ತಂದು. ಕೂಡಾಕ ಬರೂದಿಲ್ಲ, ಮಲಗಾಕ ಅಡ್ಡಿ ಇಲ್ಲ.”

ಬೀರಪ್ಪನವರು ನನ್ನ ಕಡೆ ತಿರುಗಿದರು. “ಹೊಸಾ ಕಾರ ನಮ್ದು ಅಂದಿದ್ರಲ್ಲ.”

ಅಪ್ಪನೂ ತಿರುಗಿದ. ಎರಡೂ ಸುಳ್ಳುಗಳು ಅಂಗಳದಲ್ಲಿ ಪರಸ್ಪರ ಪರಿಚಯ ಮಾಡಿಕೊಂಡವು. ಒಳಗೆ ಶಿರಾ ಬಂತು, ಉಪ್ಪಿಟ್ಟು ಬಂತು, ಮಾತು ಮಾತ್ರ ಬರಲಿಲ್ಲ. ಈ ನೆಂಟಸ್ತನವೂ ಹೋಯಿತು, ಈ ಸಲ ಗಾಡಿಯ ತಪ್ಪೂ ಇಲ್ಲ ಎಂದುಕೊಂಡು ತುತ್ತು ನುಂಗುತ್ತಿದ್ದೆ. ಹುಡುಗ ಹುಡುಗಿ ಮಾತಾಡಲಿ ಎಂಬ ಪದ್ಧತಿಯಂತೆ ನಮ್ಮಿಬ್ಬರನ್ನು ಹಿತ್ತಲಿನ ಸಸಿಗಳ ಕಡೆ ಕಳಿಸಿದರು.

“ಕಾರ ನಿಮ್ದಲ್ಲಂತ ಯಾವಾಗ ಹೇಳಾವ್ರಿದ್ರಿ?” ಎಂದಳು ಸುಜಾತಾ.

“ಲಗ್ನಾದ ಮ್ಯಾಲ.”

“ಲಗ್ನಾದ ಮ್ಯಾಲ ಅಂದ್ರ ಯಾವಾಗ?”

“ಒಂದೆರಡ ಮಕ್ಕಳಾಗ್ಲಿ ಅಂತ ಮಾಡಿದ್ದೆ.”

ಅವಳು ನಗಲಿಲ್ಲ. ಒಂದು ಟ್ರೇಯಿಂದ ಒಣಗಿದ ಸಸಿ ಕಿತ್ತು ಎಸೆದಳು. ಆ ಸಸಿ ನಾನೇ ಅನಿಸಿತು.

“ನಿಮ್ಮ ಗಾಡಿ ಹೆಂಗೈತಿ? ಇದ್ದದ್ದ ಇದ್ದಂಗ ಹೇಳ್ರಿ.”

ಕಳೆದುಕೊಳ್ಳಲು ಇನ್ನೇನೂ ಉಳಿದಿಲ್ಲದವನು ಸತ್ಯ ಹೇಳುವುದು ಬಹಳ ಸುಲಭ. ಹೇಳಿದೆ. “ಚೌಕೈತಿ. ಚಂದಿಲ್ಲ. ಎಡಗಡಿ ಹಿಂದಿನ ಬಾಗಲಾ ಎರಡ ಸಲ ಬಡದ್ರ ಮುಚ್ಚತೈತಿ. ಕಡೀ ಸೀಟಿನ್ಯಾಗ ಕುರಿ ವಾಸನಿ ಐತಿ. ಏರು ಬಂದ್ರ ಎಲ್ಲಾರೂ ಮಾತ ನಿಲ್ಲಸ್ತೀವಿ, ಅದಕ್ಕ ತ್ರಾಸ ಆಗಬಾರ್ದಂತ. ಕ್ಲಚ್ ಚಲೋ ಐತಿ.”

“ಬರೂ ಐತಾರ ಅದನ್ನ ತಗೊಂಡ ಬರ್ರಿ. ಉಳದ ಮಾತ ಆಮ್ಯಾಲ.”

ಆ ವಾರ ನಾನು ನೆಟ್ಟಗೆ ಒಂದು ಕಡೆ ಕೂತವನಲ್ಲ. ಕೂತರೆ ಏಳಬೇಕು, ಎದ್ದರೆ ಗಾಡಿ ತೊಳೆಯಬೇಕು. ಐದು ಸಲ ತೊಳೆದೆ. ಅಂಗಡಿಯಲ್ಲಿ ಗಿರಾಕಿಗಳನ್ನು ಕೂರಿಸಿ, ಕಂಪ್ಯೂಟರಿನಲ್ಲಿ ಗಾಡಿಯ ಫೋಟೋದ ಮೂಲೆಗಳನ್ನು ಗುಂಡಗೆ ಮಾಡಿ ನೋಡಿದೆ. ಬಳಸಿ ಸವೆದ ಸಾಬೂನಿನಂತೆ ಕಂಡಿತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬುಧವಾರ ಗ್ಯಾರೇಜಿಗೆ ಒಯ್ದು ಎಡಬಾಗಿಲು ರಿಪೇರಿ ಮಾಡಿಸಿದೆ. ಗುರುವಾರ ಕಡೆಯ ಸೀಟಿಗೆ ಒಂದು ಇಡೀ ಶೀಶೆ ಅತ್ತರು ಸುರುವಿದೆ.

ಶನಿವಾರ ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ನಾನು ಹೇಳಿದ್ದು ಎರಡು ಸಲ ಬಡಿಯುವ ಬಾಗಿಲು. ಈಗ ಅದು ಒಂದೇ ಸಲಕ್ಕೆ ಮುಚ್ಚುತ್ತದೆ. ಆಯುಷ್ಯದಲ್ಲಿ ಒಮ್ಮೆ ಹೇಳಿದ ಸತ್ಯವನ್ನು ನಾನೇ ರಿಪೇರಿ ಮಾಡಿಸಿ ಸುಳ್ಳು ಮಾಡಿಬಿಟ್ಟಿದ್ದೆ.

ಬಾಯಿ ಮುಕ್ಕಳಿಸದೆ ಗ್ಯಾರೇಜಿಗೆ ಓಡಿದೆ. ಮೇಸ್ತ್ರಿ ಕೇಳಿಸಿಕೊಂಡು, ಬೋಲ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟು, “ಕೆಟ್ಟದ್ದ ಸರಿ ಮಾಡು ಅನ್ನಾವ್ರನ್ನ ನೋಡೇನಿ. ಸರಿ ಇದ್ದದ್ದ ಕೆಡಸು ಅನ್ನಾವ ನೀನs ಮೊದಲನೇದಾವ,” ಎಂದ. ಕೆಡಿಸಿಕೊಟ್ಟ. ವಾಸನೆಯ ಸಮಸ್ಯೆ ಉಳಿಯಿತು. ಮಧ್ಯಾಹ್ನ ಮುತ್ಯಾನ ಹಿಂಡಿನಿಂದ ಒಂದು ಕುರಿಯನ್ನು ಎತ್ತಿ ಕಡೆಯ ಸೀಟಿನಲ್ಲಿ ಕೂರಿಸಿ, ಕಿಟಕಿ ಏರಿಸಿ, ಒಂದು ತಾಸು ಊರು ಸುತ್ತಿಸಿದೆ. ಕುರಿಗೆ ಅತ್ತರು ಆಗಲಿಲ್ಲ. ಹತ್ತು ಸಲ ಸೀನಿತು. ಓಣಿಯವರು ಏನು ತಿಳಿದರೋ, ನಾನು ಕೇಳಿಲ್ಲ.

ಆದಿತ್ಯವಾರ ಐವರನ್ನೂ ಹೊತ್ತ ನಮ್ಮ ಗಾಡಿ ದಡ್ಡಿಯ ಓಣಿಯಲ್ಲಿ ಬಾಟಲಿಗೆ ಬಿರಡೆ ಹಾಕಿದಂತೆ ತೂರಿ ಅಂಗಳ ಮುಟ್ಟಿತು. ಸುಜಾತಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಸುತ್ತ ಒಂದು ಸಲ ನಡೆದಳು. ಎಡಬಾಗಿಲು ಬಡಿದಳು, ಮುಚ್ಚಲಿಲ್ಲ. ಮತ್ತೆ ಬಡಿದಳು, ಮುಚ್ಚಿತು. ಡ್ರೈವರ್ ಸೀಟಿಗೆ ಹತ್ತಿ ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಂಡು, ಓಣಿಯ ತುದಿಯವರೆಗೆ ಹಿಂದಕ್ಕೆ ತೆಗೆದು, ಮುಂದಕ್ಕೆ ತಂದು ನಿಲ್ಲಿಸಿದಳು. ಎರಡೂ ಬದಿಯ ಗೋಡೆಗೆ ಏನೂ ಆಗಲಿಲ್ಲ, ಗಾಡಿಗೂ ಆಗಲಿಲ್ಲ. ಕಡೆಗೆ ಕಡೆಯ ಸೀಟಿಗೆ ಹೋಗಿ ಮೂಗೆಳೆದಳು. ಬಗ್ಗಿ ಸೀಟಿನ ಕೆಳಗಿಂದ ಏನೋ ಎತ್ತಿ ಅಂಗೈಯಲ್ಲಿ ಹಿಡಿದು ನನಗೆ ತೋರಿಸಿದಳು. ಎರಡು ಕುರಿ ಹಿಕ್ಕೆ.

“ಇವು ನಿನ್ನೀವು ಕಾಣತಾವಲ್ಲ. ಮ್ಯಾಲ ಅತ್ತರ ವಾಸನಿ ಬ್ಯಾರೆ.”

ಈ ಸಲ ನನ್ನ ಬಾಯಿ ನನ್ನ ಮಾತು ಕೇಳಿತು. ಬುಧವಾರದಿಂದ ಶನಿವಾರದವರೆಗಿನ ಕಥೆಯನ್ನು, ಗ್ಯಾರೇಜಿನ ಮೇಸ್ತ್ರಿಯನ್ನೂ ಸೀನಿದ ಕುರಿಯನ್ನೂ ಬಿಡದೆ ಹೇಳಿದೆ. ಅವಳು ಮೊದಲು ತುಟಿ ಕಚ್ಚಿದಳು. ಆಮೇಲೆ ಸೀಟು ಹಿಡಿದುಕೊಂಡು ನಕ್ಕಳು, ಹಿಕ್ಕೆ ಕೈಯಿಂದ ಉದುರುವಷ್ಟು. ಕೆಳಗಿಳಿದು, ಬಾಗಿಲಲ್ಲಿ ಕಾಯುತ್ತ ನಿಂತಿದ್ದ ಬೀರಪ್ಪನವರಿಗೆ ಹೇಳಿದಳು.

“ಗಾಡಿ ಚಂದಿಲ್ಲಪ್ಪಾ. ಇವರು ಹೇಳಿದಂಗs ಐತಿ.”

ಬೀರಪ್ಪನವರು ಸ್ವಲ್ಪ ಹೊತ್ತು ಗಾಡಿ ನೋಡಿದರು, ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ಎರಡರಲ್ಲಿ ಯಾವುದು ಹೆಚ್ಚು ಚೌಕವೆಂದು ಅಳೆದರೋ ಏನೋ. ಆಮೇಲೆ ಮುತ್ಯಾನ ಕೈ ಹಿಡಿದು, “ಒಳಗ ಬರ್ರಿ ಬೀಗರs, ದಿನ ನೋಡೂಣು,” ಎಂದರು.

ತಿರುಗಿ ಬರುವಾಗ ಕನ್ನಡಿ ಅವಳು ತಿರುಗಿಸಿದ ಹಾಗೆಯೇ ಇತ್ತು. ಅವಳು ನನಗಿಂತ ಒಂದು ಗೇಣು ಗಿಡ್ಡ. ಹಾಗಾಗಿ ಅದರಲ್ಲಿ ನನಗೆ ಹಿಂದಿನ ರಸ್ತೆ ಕಾಣುತ್ತಿರಲಿಲ್ಲ. ಅಪ್ಪನ ಮೊಣಕಾಲು, ಅವ್ವನ ಮಡಿಲಲ್ಲಿದ್ದ ತೆಂಗಿನಕಾಯಿ, ಇಷ್ಟೇ ಕಾಣುತ್ತಿದ್ದವು. ಹುಕ್ಕೇರಿ ದಾಟಿದ ಮೇಲೆ ಹಿಂದಿನಿಂದ ಒಂದು ಟ್ರಕ್ಕು ಹಾರ್ನ್ ಬಾರಿಸಿಯೇ ಬಾರಿಸಿತು.

“ಕನ್ನಡಿ ಸರಿ ಮಾಡ್ಕೊಳೋ,” ಎಂದ ಅಪ್ಪ.

“ಸರೀನ ಐತಿ ಬಿಡಪ್ಪಾ,” ಎಂದು ಕುತ್ತಿಗೆ ತಗ್ಗಿಸಿಕೊಂಡು, ಒಂದು ಗೇಣು ಗಿಡ್ಡವಾಗಿ ಕೂತು, ಊರವರೆಗೂ ಹಾಗೇ ಹೊಡೆದುಕೊಂಡು ಬಂದೆ.