ತೊಡರದ ಹೆಸರು

ಆ ಬೀದಿಯಲ್ಲಿ ಹೊಲಿಗೆ ಮೆಷಿನ್ ರಿಪೇರಿ ಮಾಡುವವನಿಗೆ ಕಿವಿ ಡಾಕ್ಟರು ಅಂತಲೇ ಹೆಸರು. ಕೆಟ್ಟ ಮೆಷಿನ್ ಬಂದ ಕೂಡಲೇ ಸ್ಕ್ರೂಡ್ರೈವರ್ ಹಿಡಿಯುವ ಆಸಾಮಿ ಅಲ್ಲ ಅವನು. ಚಕ್ರವನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸುತ್ತಾ ಕಬ್ಬಿಣಕ್ಕೆ ಕಿವಿ ಹಚ್ಚುತ್ತಿದ್ದ. "ದಾರ ಇಲ್ಲಿ ತೊಡರ್ತಾ ಇದೆ" ಎಂದು ಬೆರಳಿಟ್ಟನೆಂದರೆ ಅಲ್ಲೇ ತೊಡರಿರುತ್ತಿತ್ತು. ಜನರ ಬಾಯಿಮಾತು ನಂಬಿ ಒಬ್ಬ ಅಜ್ಜ ನಿಜವಾದ ಕಿವಿನೋವನ್ನೇ ಹೊತ್ತುಕೊಂಡು ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತದ್ದೂ ಉಂಟು. ಕಿವಿ ಡಾಕ್ಟರು ನಗಲಿಲ್ಲ. ಅಂಗಡಿ ಬಾಗಿಲೆಳೆದು ಅಜ್ಜನನ್ನು ಆಸ್ಪತ್ರೆಯವರೆಗೂ ಕರೆದುಕೊಂಡು ಹೋಗಿ ಬಂದ.

ಅವನಿಗೆ ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ. ಇಬ್ಬರ ಹೆಸರೂ 'ಕ'ದಿಂದ ಶುರು. ಹುಡುಕಿ ಹುಡುಕಿ ಇಟ್ಟವನು ಅವನೇ. ಮೂರನೆಯದು ಹೆಣ್ಣು ಹುಟ್ಟಿದ ವಾರದೊಳಗೆ ಅವನ ಅಕ್ಕ ಒಂದು ಹಾಳೆ ತುಂಬ ಹೆಸರು ಬರೆದುಕೊಂಡು ಬಂದಳು.

"ಇಪ್ಪತ್ಮೂರು ಹೆಸರಿದೆ ನೋಡೋ. ಯಾವುದಾದ್ರೂ ಇಡು, 'ಕ' ಮಾತ್ರ ತಪ್ಪಿಸಬೇಡ. ಕೂಗಿದರೆ ಸಾಕು, ಒಂದೇ ಹೊಟ್ಟೆಯ ಮಕ್ಕಳು ಅಂತ ಗೊತ್ತಾಗಬೇಕು."

"ಆಗಲಿ ಅಕ್ಕ" ಎಂದ. ಅವನಿಗೂ ಅದೇ ಆಸೆ.

ಅವತ್ತು ಸಂಜೆ ಅಂಗಡಿಯಿಂದ ಬಂದಾಗ ದೊಡ್ಡ ಮಗಳು ತೊಟ್ಟಿಲಿನ ಪಕ್ಕ ಆ ಹಾಳೆ ಹಿಡಿದು ನಿಂತಿದ್ದಳು. ಒಬ್ಬಳೇ ಇದ್ದೇನೆಂದುಕೊಂಡು ಒಂದೊಂದೇ ಹೆಸರು ಹೇಳಿ ನೋಡುತ್ತಿದ್ದಳು. "ಕ್... ಕ್... ಕ..." ಕತ್ತಿನ ನರ ಉಬ್ಬಿತು, ಕಣ್ಣು ಬಿಗಿಯಾಗಿ ಮುಚ್ಚಿತು, ಹೆಸರು ಮಾತ್ರ ಬರಲಿಲ್ಲ. ಎರಡನೆಯದೂ ಅಷ್ಟೆ, ಐದನೆಯದೂ ಅಷ್ಟೆ. ಆಮೇಲೆ ಹಾಳೆಯನ್ನು ಮೊದಲಿದ್ದ ಹಾಗೇ ಮಡಿಸಿಟ್ಟು ಹೊರಟುಹೋದಳು.

ಬಾಗಿಲ ಮರೆಯಲ್ಲಿದ್ದವನು ಎಲ್ಲ ನೋಡಿದ್ದ. ಅವಳು ಉಗ್ಗುತ್ತಾಳೆಂಬುದು ಹೊಸ ವಿಷಯವಲ್ಲ. ಶಾಲೆಯಲ್ಲಿ ಹೊಸ ಟೀಚರು ಹೆಸರು ಕೇಳಿದಾಗ ಬಾಯಿಬಿಡದೆ ನಿಂತು ಹಟಮಾರಿ ಅನ್ನಿಸಿಕೊಂಡಿದ್ದಳು. ಅವನೇ ಹೋಗಿ ತಿಳಿಹೇಳಿ ಬಂದಿದ್ದ. ಹೊಸದಾಗಿ ಹೊಳೆದದ್ದು ಬೇರೆ. ತಮ್ಮನನ್ನು ಅವಳು ಒಂದು ದಿನವೂ ಹೆಸರು ಹಿಡಿದು ಕರೆದಿರಲಿಲ್ಲ. "ಏಯ್" ಅನ್ನುವುದೇ. ದೊಡ್ಡವಳೆಂಬ ಜಂಬ ಅಂತ ಮನೆಮಂದಿಯೆಲ್ಲ ಬೈದಿದ್ದರು. ಅವನೂ ಬೈದಿದ್ದ.

ಮುಂದಿನ ಎರಡು ವಾರ ಅವನು ಮಗಳ ಮಾತಿಗೆ ಕಿವಿಯಾದ. ಕೇಳಿಸಿಕೊಳ್ಳುತ್ತಿದ್ದೇನೆ ಅಂತ ತೋರಿಸಿಕೊಳ್ಳಲಿಲ್ಲ. ಊಟಕ್ಕೆ ಕೂತಾಗ, ಅವಳ ತಲೆ ಬಾಚುವಾಗ, ಅಂಗಡಿಯಲ್ಲಿ ಬಾಬಿನ್‌ಗೆ ದಾರ ಸುತ್ತಲು ಕೂರಿಸಿಕೊಂಡಾಗ ಸುಮ್ಮನೆ ಗಮನಿಸಿದ. 'ಪ' ಸಿಕ್ಕಿಹಾಕಿಕೊಳ್ಳುತ್ತಿತ್ತು, 'ತ' ಕೂಡ. 'ಮ' ಒಮ್ಮೆ ಬಂದರೆ ಒಮ್ಮೆ ಇಲ್ಲ. ಆದರೆ "ಹೌದಾ?", "ಹಾಲು ಬೇಡ", "ಹೋಗಪ್ಪಾ ನೀನು" ಇವೆಲ್ಲ ಎಣ್ಣೆ ಬಿಟ್ಟ ಚಕ್ರದ ಹಾಗೆ ಜಾರಿ ಬರುತ್ತಿದ್ದವು. ಮೊದಲು ಉಸಿರು ಹೊರಡುತ್ತಿತ್ತು, ಅದರ ಬೆನ್ನೇರಿ ಮಾತು.

ಒಂದು ಬೆಳಿಗ್ಗೆ ಹೆಂಡತಿಯ ಹತ್ತಿರ ಮೆಲ್ಲಗೆ, "ಮಗೂಗೆ ಹನಿ ಅಂತ ಇಡೋಣ್ವಾ?" ಎಂದ.

ಅವಳು ಗಂಡನ ಮುಖ ನೋಡಿದಳು. ಹೊಸ್ತಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ದೊಡ್ಡ ಮಗಳನ್ನು ನೋಡಿದಳು. "ಅವಳಿಗೋಸ್ಕರನಾ?"

ಅವನು ತುಟಿಯ ಮೇಲೆ ಬೆರಳಿಟ್ಟ. ಅವಳು ಮತ್ತೆ ಕೇಳಲಿಲ್ಲ. "ಇಡಿ" ಎಂದಳು.

ಅಕ್ಕ ಮಾತ್ರ ಕೆಂಡವಾದಳು. "ಇಬ್ಬರಿಗೆ ಒಂದೇ ತಾನಿನ ಬಟ್ಟೆ, ಇದಕ್ಕೆ ಮಾತ್ರ ತುಂಡು ಬಟ್ಟೆನಾ? ನಾಳೆ ಇದು ನಮ್ಮದಲ್ಲ, ಯಾರದೋ ಅಂದುಕೊಳ್ತಾರೆ ಜನ!"

"ನನ್ನ ಮೊದ್ದು ತಲೆಗೆ ಅದೇ ಹೊಳೀತು ಅಕ್ಕ. ಬೈದುಬಿಡು."

"ಹನಿ ಹನಿ ಕೂಡಿದರೆ ಹಳ್ಳ ಅಲ್ವಾ ಅತ್ತಿಗೆ" ಎಂದು ಹೆಂಡತಿ ನಗಿಸಲು ನೋಡಿದಳು. ಅತ್ತಿಗೆ ನಗಲಿಲ್ಲ. ತಿಂಗಳುಗಟ್ಟಲೆ ಸಿಕ್ಕಸಿಕ್ಕವರ ಮುಂದೆ ತಮ್ಮನ ಪೆದ್ದುತನ ಆಡಿಕೊಂಡಳು. ಕಾರಣ ಹೇಳಿದ್ದರೆ ಒಂದೇ ಮಾತಿಗೆ ಅವಳ ಬಾಯಿ ಮುಚ್ಚುತ್ತಿತ್ತು. ಹೇಳಿದರೆ ಅದು ಮಗಳ ಕಿವಿಗೂ ಬೀಳುತ್ತದೆಂದು ಅವನು ಬೈಸಿಕೊಂಡೇ ಇದ್ದ.

ಹೆಸರು ಬರೆಸಲು ಜನನ ನೋಂದಣಿ ಕಚೇರಿಗೆ ಹೋದಾಗ ಮಗಳೂ ಜೊತೆಗಿದ್ದಳು. ಕಿಟಕಿಯಾಚೆಯ ಗುಮಾಸ್ತೆ ಕನ್ನಡಕ ಮೇಲೆತ್ತಿ ಅವಳನ್ನೇ ಕೇಳಿದಳು: "ತಂಗಿ ಹೆಸರೇನಮ್ಮ?"

ಅವನ ನಾಲಿಗೆ ತುದಿಗೆ ಬಂದಿತ್ತು. ತಡೆದುಕೊಂಡ.

"ಹನಿ" ಎಂದಳು ಮಗಳು.

"ಹನಿ. ಅಷ್ಟೇನಾ?"

"ಹೂಂ. ಹನಿ." ಗುಮಾಸ್ತೆ ಬರೆದು ಮುಗಿಸಿದ ಮೇಲೂ ಅವಳು ಇನ್ನೊಮ್ಮೆ ಹೇಳಿದಳು, ತನಗೇ ಹೇಳಿಕೊಂಡಂತೆ.

ಉಗ್ಗು ಹೋಗಲಿಲ್ಲ. ಇವತ್ತಿಗೂ ತನ್ನ ಹೆಸರು ಹೇಳಲು ಅವಳಿಗೆ ಹೊತ್ತು ಹಿಡಿಯುತ್ತದೆ. ಆದರೆ ಆ ಮನೆಯಲ್ಲಿ ದಿನಕ್ಕೆ ನಲವತ್ತು ಸಲ "ಹನೀ..." ಅನ್ನುವ ಕೂಗು ಎದ್ದರೆ, ಅದರಲ್ಲಿ ಮೂವತ್ತು ಅವಳದೇ.

ಹದಿಮೂರು ತುಂಬಿದಾಗ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೇಳಿಯೇಬಿಟ್ಟಳು. "ಅಪ್ಪ, ಹನಿ ಅಂತ ಯಾಕೆ ಇಟ್ಟೆ? ನ... ನನಗೋಸ್ಕರ ತಾನೆ?"

"ಆ ಸಣ್ಣ ಸ್ಕ್ರೂ ಇತ್ತ ಕೊಡು" ಎಂದ ಕಿವಿ ಡಾಕ್ಟರು.

ಅವಳು ಕೊಡಲಿಲ್ಲ. ಸ್ಕ್ರೂ ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದಳು.

ಅವನು ಮೆಷಿನ್‌ನಿಂದ ತಲೆ ಎತ್ತಿದ. "ನಿನಗೋಸ್ಕರ ಅಲ್ಲ ಕಣಮ್ಮ, ಹನಿಗೋಸ್ಕರ. ಅಕ್ಕನ ಬಾಯಲ್ಲಿ ಬರದೇ ಇರೋ ಹೆಸರು ಕಟ್ಟಿಕೊಂಡು ಆ ಮಗು ಏನು ಮಾಡಬೇಕಿತ್ತು?"