ಇಬ್ಬರು ನಾಯಕರ ಪರಿಚಯ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ದೇವರಾಜ ಮೊಹಲ್ಲಾದ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕೆಳಗೆ ಊದುಬತ್ತಿ ಮಳಿಗೆ, ಮೇಲೆ ನಾವು. ಲಗ್ನಪತ್ರಿಕೆ, ಮಠದ ಕರಪತ್ರ, ಕಾಲೇಜಿನವರ ಪ್ರಾಜೆಕ್ಟ್ ರಿಪೋರ್ಟು ಇವೇ ನಮ್ಮ ಕೆಲಸ. ಒಂದು ದಿನ ಮಾಲೀಕರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

"ಇನ್ಮೇಲೆ ಎಲ್ಲಾ ಇಂಟರ್ನೆಟ್ಟೇ ಕಣಮ್ಮ. ನಮ್ ಕಡೆ ದೊಡ್ಡೋರದ್ದೆಲ್ಲಾ ಒಂದು ವೆಬ್‌ಸೈಟ್ ಮಾಡ್ಬುಡಾಣ. ನೀನು ಬರಿ, ನಿಮ್ ಮೇಷ್ಟ್ರು ತಿದ್ದಲಿ."

ಮೇಷ್ಟ್ರು ಎಂದರೆ ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು. ನಿವೃತ್ತಿಯಾದ ಮೇಲೆ ನಮ್ಮ ಅಂಗಡಿಗೆ ಕರಡು ತಿದ್ದಲು ಬರುತ್ತಿದ್ದರು. ನನಗೆ ಆ ಕೆಲಸ ಕೊಡಿಸಿದವರೂ ಅವರೇ. ಹಳ್ಳಿಯಿಂದ ಬಂದ ಒಕ್ಕಲಿನ ಮನೆಯ ಹುಡುಗಿ ನಾಲ್ಕು ಸಾಲು ನೆಟ್ಟಗೆ ಬರೆಯುತ್ತಾಳೆಂದು ಅವರಿಗೆ ಹೆಮ್ಮೆಯಿತ್ತು.

ಸಾಹಿತಿಗಳು, ಸಂಗೀತಗಾರರು, ಆಟಗಾರರು, ರಾಜಕಾರಣಿಗಳು ಹೀಗೆ ಒಬ್ಬೊಬ್ಬರಿಗೆ ಒಂದೊಂದು ಪುಟ. ಆಗ ಎಲ್ಲರ ಕಂಪ್ಯೂಟರಿನಲ್ಲೂ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ. ಬರೆದದ್ದನ್ನೆಲ್ಲ ಚಿತ್ರವಾಗಿ ಮಾಡಿ ಏರಿಸಬೇಕಿತ್ತು. ಒಂದು ಅಕ್ಷರ ತಪ್ಪಿದರೂ ಇಡೀ ಪುಟ ಮತ್ತೆ ಮಾಡಬೇಕು. ಆದರೂ ಮೂರು ತಿಂಗಳು ನಾನು ಬಹಳ ಖುಷಿಯಲ್ಲಿದ್ದೆ.

ರಾಜಕಾರಣಿಗಳ ಸರದಿ ಬಂದಾಗ ಇಬ್ಬರ ಪರಿಚಯವನ್ನು ಒಟ್ಟಿಗೆ ಬರೆದೆ. ಒಬ್ಬರು ಹಳೆಯ ಸಮಾಜವಾದಿ, ಬಹುಪಾಲು ಬದುಕನ್ನು ಚಳವಳಿಯಲ್ಲೇ ಕಳೆದವರು. ಮೇಷ್ಟ್ರು ಯೌವನದಲ್ಲಿ ಅವರ ಹಿಂದೆ ಸೈಕಲ್ಲಿನಲ್ಲಿ ಊರೂರು ಸುತ್ತಿ ಭಾಷಣಕ್ಕೆ ಜನ ಸೇರಿಸಿದ್ದರು. ಇನ್ನೊಬ್ಬರು ಮಂತ್ರಿಯಾಗಿದ್ದವರು. ನಮ್ಮ ಮನೆಯಲ್ಲಿ ಅವರನ್ನು ಸಾಹೇಬ್ರು ಎಂದೇ ಕರೆಯುತ್ತಿದ್ದುದು.

ಪುಟಗಳು ಏರಿದ್ದು ಮೇಷ್ಟ್ರು ಜ್ವರದಿಂದ ಮಲಗಿದ್ದ ವಾರ. ವಾಸಿಯಾಗಿ ಬಂದವರು ಎರಡನ್ನೂ ಪ್ರಿಂಟ್ ತೆಗೆಸಿಕೊಂಡು ಪಕ್ಕಪಕ್ಕ ಇಟ್ಟು ಓದಿದರು. ಕೆಂಪು ಪೆನ್ನಿನಲ್ಲಿ ಎರಡೇ ಎರಡು ಗೆರೆ ಎಳೆದು ನನ್ನನ್ನು ಕರೆದರು.

"ಈ ನಿಮ್ಮ ಮಂತ್ರಿಗಳು ಮೂರು ಸಲ ಪಕ್ಷ ಬಿಟ್ಟೋರು. ಅದಕ್ಕೆ ನೀನು 'ಹೊಸ ರಾಜಕೀಯ ನೆಲೆ ಕಂಡುಕೊಂಡರು' ಅಂತ ಬರೆದಿದ್ದೀಯ. ನಮ್ಮೋರು ಬಿಟ್ಟಿದ್ದು ಒಂದೇ ಸಲ. ಅದಕ್ಕೆ 'ಅಧಿಕಾರಕ್ಕಾಗಿ ಪಕ್ಷಾಂತರ ಮಾಡಿದರು'. ಯಾಕಮ್ಮ ಹೀಗೆ?"

ಬರೆಯುವಾಗ ನನಗೆ ಅದು ತೋಚಿರಲೇ ಇಲ್ಲ. "ಪೇಪರಲ್ಲಿ ಹಾಗೇ ಬಂದಿತ್ತು ಸಾರ್" ಎಂದೆ.

"ಯಾವ ಪೇಪರು?"

ಯಾವ ಪೇಪರೂ ಇರಲಿಲ್ಲ. ಮಾಲೀಕರೂ ಪಕ್ಕದ ಕಂಪ್ಯೂಟರಿನ ಹುಡುಗಿಯೂ ಕೇಳಿಸಿಕೊಳ್ಳುತ್ತಿದ್ದರು. ನನಗೆ ಅವಮಾನವಾಯಿತು, ಸಿಟ್ಟೂ ಬಂತು. "ನಿಮಗೆ ನಿಮ್ಮ ನಾಯಕರ ಮೇಲೆ ಅಭಿಮಾನ ಸಾರ್. ಅದಕ್ಕೇ ನಾನು ಬರೆದದ್ದು ಒಂದು ಕಡೆಗೆ ವಾಲಿದ ಹಾಗೆ ಕಾಣುತ್ತೆ" ಎಂದುಬಿಟ್ಟೆ.

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. "ಇರಬಹುದು. ನೀವು ಹೇಳೋದೂ ಸರಿ" ಎಂದರು. ಹದಿನಾಲ್ಕು ವರ್ಷದಿಂದ ನನ್ನನ್ನು ನೀನು ಎಂದೇ ಕರೆದವರು. ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದರು. ನಾನು ಹಿಂದೆ ಹೋಗಲಿಲ್ಲ. ಮಾರನೆಯ ದಿನ ಅವರು ಬರಲಿಲ್ಲ, ಆಮೇಲೂ ಬರಲಿಲ್ಲ.

ಮೇಷ್ಟ್ರು ಎದ್ದು ಹೋದ ದಿನದ ಸಂಜೆ ಅಣ್ಣ ಹೂಟಗಳ್ಳಿಯ ಕಾರ್ಖಾನೆಯಿಂದ ಬಂದು ಊಟಕ್ಕೆ ಕೂತಾಗ ಎರಡೂ ಹಾಳೆಗಳನ್ನು ಓದಿ ಹೇಳಿದೆ. ನಾನೇ ಸರಿ ಎಂದು ಯಾರಾದರೂ ಹೇಳಬೇಕಿತ್ತು.

"ಸಾಹೇಬ್ರ ಬಗ್ಗೆ ಚೆಂದಾಗ್ ಬರ್ದಿದ್ದೀಯ ಕಣೆ" ಎಂದ ಅಣ್ಣ. "ಅವ್ರು ಕಾಗದ ಕೊಡ್ದೆ ಇದ್ದಿದ್ರೆ ಈ ಕೆಲ್ಸ ಎಂಗೆ ಸಿಕ್ತಿತ್ತು ನಂಗೆ? ಇನ್ನೊಬ್ಬಂದು ಅಂಗೇ ಇರ್ಲಿ ಬುಡು."

ಅವ್ವ ಅವನ ತಟ್ಟೆಗೆ ಸಾರು ಬಡಿಸುತ್ತಿದ್ದಳು. ಆ ಕಾಗದ ತಂದ ದಿನ ಅವ್ವ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದಳು. ಅದೆಲ್ಲ ನನಗೆ ಗೊತ್ತಿದ್ದದ್ದೇ. ಬರೆಯಲು ಕೂತಾಗ ಮಾತ್ರ ನೆನಪಾಗಿರಲಿಲ್ಲ. ಸುಳ್ಳೆಂದು ತಿಳಿದು ಬರೆದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ. ನನಗೇ ತಿಳಿಯದಂತೆ ಇನ್ನೆಷ್ಟು ಪುಟಗಳಲ್ಲಿ ಏನೇನು ಸೇರಿಸಿದ್ದೇನೋ ಎಂದು ಅನ್ನ ಸೇರಲಿಲ್ಲ.

ಬೆಳಿಗ್ಗೆ ಮಾಲೀಕರಿಗೆ, ಆ ಎರಡು ಪುಟ ತಿದ್ದಬೇಕು ಎಂದೆ. ಅವರು ಒಪ್ಪಲಿಲ್ಲ.

"ಸಾಹೇಬ್ರ ಕಡೆಯೋರು ನೋಡಿ ಸಂತೋಷ ಪಟ್ಟವ್ರೆ. ಚುನಾವಣೆ ಕರಪತ್ರ ನಮಗೇ ಕೊಡ್ತೀವಿ ಅಂದವ್ರೆ. ಈಗ ಮುಟ್ಟಿದ್ರೆ ಎಂಗಮ್ಮಾ? ಆ ಸಮಾಜವಾದಿ ಕಡೆಯೋರು ಇಬ್ಬರು ಬಂದಿದ್ರು ನಿನ್ನೆ ನೀನ್ ಹೋದ್ಮೇಲೆ, ನೀವೆಲ್ಲಾ ಒಂದೇ ಪಾರ್ಟಿಯೋರು ಅಂತ ಬೈದು ಹೋದ್ರು. ಬೈಲಿ ಬುಡು. ಯಾರ್ ಓದ್ತಾರೆ ಇದನ್ನ?"

ನಾನು ಹಠ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಕೆಲಸ ಬೇಕಿತ್ತು. ಎರಡು ವರ್ಷ ಕಳೆದ ಮೇಲೆ ಲಾಭವಿಲ್ಲವೆಂದು ಅವರೇ ವೆಬ್‌ಸೈಟ್ ಮುಚ್ಚಿದರು. ಆ ಪುಟ ಹೋಯಿತಲ್ಲ ಎಂದು ಒಳಗೊಳಗೇ ಹಗುರಾದೆ.

ಹೋಗಿರಲಿಲ್ಲ. ಕನ್ನಡದಲ್ಲಿ ಹುಡುಕುವುದು ಸಲೀಸಾದ ಕಾಲಕ್ಕೆ ಒಂದು ಮಧ್ಯಾಹ್ನ ಆ ಸಮಾಜವಾದಿಯ ಹೆಸರು ಹಾಕಿ ನೋಡಿದೆ. ನಾಲ್ಕು ಕಡೆ ನನ್ನ ಪುಟವೇ ಇತ್ತು. ಯಾರೋ ನೋಡಿಕೊಂಡು ಟೈಪ್ ಮಾಡಿ ಹಾಕಿದ್ದರು, ಅವರಿಂದ ಇನ್ಯಾರೋ ತೆಗೆದುಕೊಂಡಿದ್ದರು. ಆ ನಾಯಕರ ಹುಟ್ಟೂರನ್ನು ನಾನು ಒಂದು ಒತ್ತಕ್ಷರ ಬಿಟ್ಟು ಬರೆದಿದ್ದೆ, ಆ ತಪ್ಪೂ ಹಾಗೇ ಇತ್ತು. ಆ ಹೊತ್ತಿಗೆ ಅವರು ತೀರಿಕೊಂಡು ವರ್ಷವಾಗಿತ್ತು. ನಾಲ್ಕೂ ಕಡೆಗೆ ಇಮೇಲ್ ಬರೆದೆ. ಮೂವರು ಉತ್ತರಿಸಲಿಲ್ಲ. ನಾಲ್ಕನೆಯವರು, ನೀವು ಯಾವ ಪಕ್ಷದವರು ಎಂದು ಕೇಳಿದರು.

ಅದಾದ ಮೇಲೆ ಧೈರ್ಯ ಮಾಡಿ ದಟ್ಟಗಳ್ಳಿಯಲ್ಲಿದ್ದ ಮೇಷ್ಟ್ರ ಮನೆಗೆ ಹೋದೆ. ಮಗ ಕಟ್ಟಿಸಿದ ಹೊಸ ಮನೆ, ಇನ್ನೂ ಸುಣ್ಣದ ವಾಸನೆ ಹೋಗಿರಲಿಲ್ಲ. ಮೇಷ್ಟ್ರು ತೀರಾ ಇಳಿದುಹೋಗಿದ್ದರು. ಅಣ್ಣನ ಕೆಲಸ, ಸಾಹೇಬರ ಕಾಗದ ಎಲ್ಲ ಹೇಳಿ, "ನೀವು ಅಂದಿದ್ದೇ ನಿಜ ಸಾರ್" ಎಂದೆ.

ಅವರು ಹೇಳಿದರು, "ಮೊಮ್ಮಗಳಿಗೆ ಶಾಲೇಲಿ ನಾಯಕರ ಬಗ್ಗೆ ಬರ್ಕೊಂಡು ಬಾ ಅಂದಿದ್ರು. ನಮ್ಮೋರ ಬಗ್ಗೆ ಇರೋ ಆ ಪುಟಾನೇ ಕಾಪಿ ಮಾಡಿದ್ಲು. ಹಾಗಲ್ಲಮ್ಮಾ, ನಾನು ಅವರ ಜೊತೆಗಿದ್ದೋನು ಅಂದೆ. ತಾತ, ಇಂಟರ್ನೆಟ್ಟಲ್ಲಿ ಹೀಗೇ ಇದೆ, ನಿಂಗೆ ಮರ್ತೋಗಿದೆ ಅಂದ್ಲು."

ನಾನು ಅಳತೊಡಗಿದೆ. ಅವರು ಸಮಾಧಾನ ಮಾಡಲಿಲ್ಲ, ಗದರಲೂ ಇಲ್ಲ. ಒಳಗೆ ಕೂಗಿ ಕಾಫಿ ತರಿಸಿದರು. ಹೊರಟಾಗ ಗೇಟಿನವರೆಗೂ ಬಂದು, "ನಿಮ್ಮಣ್ಣನಿಗೆ ಕೆಲಸ ಖಾಯಂ ಆಯ್ತೇನ್ರೀ?" ಎಂದು ಕೇಳಿದರು.

"ಆಯ್ತು ಸಾರ್."

"ಒಳ್ಳೇದು, ಒಳ್ಳೇದು" ಎಂದರು. ಆ ಮಾತಿನಲ್ಲಿ ಕೊಂಕು ಇದ್ದಿದ್ದರೆ ನಾನು ಹೇಗಾದರೂ ತಡೆದುಕೊಳ್ಳುತ್ತಿದ್ದೆ.